ನೂರಕ್ಕೆ ಎಷ್ಟು

ಬೇಲೂರಿನ ನನ್ನ ಬಾಡಿಗೆ ಕೋಣೆಯಲ್ಲಿ ಒಂದು ತಗಡಿನ ಟ್ರಂಕಿತ್ತು. ಶಾಲೆಯಿಂದ ಜೇಬಿಗಿಳಿಸಿಕೊಂಡು ಬಂದ ಸೀಮೆಸುಣ್ಣದಿಂದ ಅದರ ಮುಚ್ಚಳದ ಒಳಮೈಯಲ್ಲಿ ದಿನಾ ಬೆಳಿಗ್ಗೆ ಒಂದು ಅಂಕಿ ಬರೆಯುತ್ತಿದ್ದೆ. ನೂರಕ್ಕೆ ಮೂವತ್ತು. ನೂರಕ್ಕೆ ಐವತ್ತೈದು. ಒಂದು ದಿನ ಹೋಟೆಲಿನ ಕಾಫಿ ಯಾಕೋ ಚೆನ್ನಾಗಿತ್ತು, ನೂರಕ್ಕೆ ಎಪ್ಪತ್ತು ಬರೆದೆ. ಸಂಜೆ ಬಂದವನೇ ಅದನ್ನು ಅಂಗೈಯಿಂದ ಒರೆಸಿ ಇಪ್ಪತ್ತಕ್ಕೆ ಇಳಿಸಿದೆ. ನನಗೆ ಸೀಟು ಸಿಗುವ ಸಂಭವ ಎಷ್ಟು ಎನ್ನುವ ಲೆಕ್ಕ ಅದು. ಆ ವರ್ಷ ನನಗೆ ಬೇರೆ ಲೆಕ್ಕವೇ ಇರಲಿಲ್ಲ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮೈಸೂರಿನಲ್ಲಿ ಬಿ.ಎ. ಮುಗಿಸಿ ಬೇಲೂರಿನ ಒಂದು ಹೈಸ್ಕೂಲಿನಲ್ಲಿ ತಾತ್ಕಾಲಿಕ ಮೇಷ್ಟ್ರಾಗಿದ್ದೆ. ವಯಸ್ಸು ಇಪ್ಪತ್ತೆರಡು. ಒಂದು ದಿನ ಹೆಡ್‌ಮಾಸ್ಟರು ಇಂಗ್ಲಿಷ್ ಪತ್ರಿಕೆಯ ಒಂದು ಚೂರನ್ನು ಕತ್ತರಿಸಿ ತಂದು ನನ್ನ ಮೇಜಿನ ಮೇಲಿಟ್ಟರು. ಉತ್ತರದ ಕಡೆ ಹೊಸದಾಗಿ ಒಂದು ಶಾಲೆ ತೆರೆದಿದೆಯಂತೆ. ಕಂಪನಿ ನಡೆಸುವುದು ಹೇಗೆ ಎಂದು ಎರಡು ವರ್ಷ ಕಲಿಸುತ್ತಾರಂತೆ. ದೇಶದಲ್ಲೆಲ್ಲ ಅರ್ಜಿ ಹಾಕುತ್ತಾರೆ, ಸೀಟು ಮಾತ್ರ ಬೆರಳೆಣಿಕೆ. "ಲೆಕ್ಕ ಬರುತ್ತೆ, ವ್ಯಾಪಾರಸ್ಥರ ಮನೆ ಹುಡುಗ. ಹಾಕಿ ನೋಡಯ್ಯ," ಎಂದರು. ಅಷ್ಟೇ ಸಾಕಾಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎನ್ನುತ್ತಾರಲ್ಲ, ನಾನು ಅರ್ಜಿ ನಮೂನೆ ಬರುವ ಮುಂಚೆಯೇ ರೈಲಿನ ವೇಳಾಪಟ್ಟಿ ತರಿಸಿದೆ.

ಅವತ್ತಿನಿಂದ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಪಾಠದ ನಡುವೆ ಹಲಗೆಯ ಮೂಲೆಯಲ್ಲಿ ಲೆಕ್ಕ ಮಾಡುತ್ತಿದ್ದೆ. ಎರಡನೇ ದರ್ಜೆಯಲ್ಲಿ ಪಾಸಾದದ್ದಕ್ಕೆ ಹತ್ತು ಕಳೆ. ಗಣಿತಕ್ಕೆ ಹದಿನೈದು ಕೂಡು. ಇಂಗ್ಲಿಷು ಮಾತಾಡುವಾಗ ನಾಲಿಗೆ ತೊಡರುವುದಕ್ಕೆ ಇಪ್ಪತ್ತು ಕಳೆ. ಇದ್ದಕ್ಕಿದ್ದಂತೆ, ದೊಡ್ಡ ಊರುಗಳಲ್ಲಿ ಇಂಗ್ಲಿಷಿನಲ್ಲೇ ಊಟ ಮಾಡಿ ಇಂಗ್ಲಿಷಿನಲ್ಲೇ ಕೈ ತೊಳೆಯುವ ಹುಡುಗರು ಎಷ್ಟು ಮಂದಿ ಅರ್ಜಿ ಹಾಕಿರುತ್ತಾರೋ ಎಂದು ಹೊಳೆದು ಎಲ್ಲವೂ ಸೊನ್ನೆಯಾಗುತ್ತಿತ್ತು. ಸಿಕ್ಕವರನ್ನೆಲ್ಲ ಕೇಳುತ್ತಿದ್ದೆ. ಪೋಸ್ಟ್‌ಮನ್ನನನ್ನೂ ಬಿಡಲಿಲ್ಲ. "ನೂರಕ್ಕೆ ಎಷ್ಟು ಅಂತೀರಿ?" ಆತ ಗಾಬರಿಯಾಗಿ, "ಮನಿಯಾರ್ಡರ್ ಬಂದಿಲ್ಲ ಸಾರ್," ಎಂದು ಸೈಕಲ್ ಹತ್ತಿದ.

ಊರು ಅರಸೀಕೆರೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟರೆ ಬೇಲೂರಿನಲ್ಲಿ ಬಸ್ಸು ಹತ್ತಿ, ಹಳೇಬೀಡು, ಜಾವಗಲ್ ಮೇಲೆ ಮನೆಗೆ ಹೋಗುತ್ತಿದ್ದೆ. ಅಪ್ಪನದು ಕೊಬ್ಬರಿ ಮಂಡಿ. ಕೊಬ್ಬರಿ ಎಂದರೆ ನಮ್ಮ ಕಡೆ ಉಂಡೆ ಕೊಬ್ಬರಿ. ಕಾಯಿಯನ್ನು ವರ್ಷಗಟ್ಟಲೆ ಅಟ್ಟದ ಮೇಲೆ ಒಣಗಲು ಬಿಟ್ಟು, ಒಳಗಿನ ತಿರುಳು ಚಿಪ್ಪು ಬಿಟ್ಟು ಸದ್ದು ಮಾಡುವ ತನಕ ಕಾಯಬೇಕು. ಅಪ್ಪ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಒಂದೇ ಸಲ ಅಲ್ಲಾಡಿಸಿ, ಆಗಿದೆಯೋ ಇನ್ನೂ ಎರಡು ತಿಂಗಳು ಬೇಕೋ ಹೇಳಿಬಿಡುತ್ತಿದ್ದರು. ಅಂಥವರನ್ನು ಕೇಳದೆ ಇನ್ನಾರನ್ನು ಕೇಳಲಿ? ಕೇಳಿದೆ. ಅಪ್ಪ ಎಲೆ ಅಡಿಕೆ ಮೆಲ್ಲುತ್ತ, "ಹೆತ್ತೋರಿಗೆ ಹೆಗ್ಗಣ ಮುದ್ದು ಕಣಪ್ಪ. ನಾ ಏನ್ ಹೇಳಿದ್ರೂ ಅದು ಲೆಕ್ಕಕ್ಕಿಲ್ಲ. ನಿನ್ನ ಬೆಲೆ ಕಟ್ಟೋರು ಎದುರಂಗಡೀಲಿದಾರೆ," ಎಂದರು.

ಎದುರಂಗಡಿಯ ಯಜಮಾನರು ನಮ್ಮ ಬೀದಿಯಲ್ಲೇ ಹಿರಿಯರು. ಹಣೆಯ ತುಂಬ ವಿಭೂತಿ, ಮೊಣಕಾಲಿನ ತನಕ ಪಂಚೆ, ಮಾತು ತೀರಾ ಕಡಿಮೆ. ಮಗ ಸ್ವಂತ ಅಂಗಡಿಯಲ್ಲಿ ಕಲಿಯುವುದಿಲ್ಲ, ಬೇರೆಯವರ ಕೈ ಕೆಳಗೇ ಕಲಿಯಬೇಕು ಎನ್ನುವುದು ನಮ್ಮ ಮಂಡಿಯವರ ಪದ್ಧತಿ. ಹಾಗಾಗಿ ನಾನು ಕಾಲೇಜಿನ ಎರಡು ಬೇಸಿಗೆ ರಜೆಗಳನ್ನು ಅಪ್ಪನ ಗಲ್ಲಾ ಪಕ್ಕದಲ್ಲಿ ಕೂತು ಕಳೆಯಲಿಲ್ಲ, ಎದುರಿನ ಮಂಡಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಕೊಬ್ಬರಿ ಆರಿಸಿ ಕಳೆದೆ.

ಆ ಮಂಡಿಯಲ್ಲಿ ಇನ್ನೊಂದು ಪದ್ಧತಿ ಇತ್ತು. ಬೇರೆ ಊರಿನ ಗಿರಾಕಿ ಬಂದರೆ ಎಲ್ಲರೂ ಮೊರದಲ್ಲಿ ಮಾದರಿ ಇಡುತ್ತಾರೆ. ಮೇಲೆ ದುಂಡನೆಯ ಚೆಲುವಾದ ಕೊಬ್ಬರಿ ಇಡುವುದು ಲೋಕಾರೂಢಿ. ಯಜಮಾನರ ಮೊರದಲ್ಲಿ ಮಾತ್ರ ಆ ಮಾಲಿನಲ್ಲಿ ಸಿಕ್ಕ ಅತಿ ಕೆಟ್ಟದ್ದು ಮೇಲಿರುತ್ತಿತ್ತು. ಬೂಷ್ಟು ಹಿಡಿದದ್ದು, ಒಡೆದದ್ದು, ಹುಳ ಕೊರೆದದ್ದು ಮೊದಲು ಕಣ್ಣಿಗೆ ಬೀಳಬೇಕು. ಹಳಬರು ಹೀಗೇ ಮಾಡುತ್ತಿದ್ದರಂತೆ. ನಾನು ನೋಡುವ ಹೊತ್ತಿಗೆ ಅವರೊಬ್ಬರೇ ಉಳಿದಿದ್ದರು. "ಕೆಟ್ಟದ್ದು ನಾನೇ ತೋರಿಸಿಬಿಟ್ರೆ ಅವ್ನು ಹುಡುಕೋಕೆ ಏನೈತೆ? ಆಮೇಲೆ ಚೀಲದ ತಳಕ್ಕೆ ಕೈ ಹಾಕ್ಲಿ," ಎನ್ನುತ್ತಿದ್ದರು. ಗೊತ್ತಿದ್ದ ಗಿರಾಕಿಗಳು ಮೊರ ನೋಡಿ ನಗುತ್ತ ಸೀದಾ ಚೀಲಕ್ಕೆ ಕೈ ಹಾಕುತ್ತಿದ್ದರು. ಹೊಸಬರು ಮೂಗು ಮುರಿದು ಎದ್ದು ಹೋಗುತ್ತಿದ್ದರು. ಹೋದವರನ್ನು ಯಜಮಾನರು ಕರೆಯುತ್ತಿರಲಿಲ್ಲ.

ಅರ್ಜಿ ನಮೂನೆ ಬಂತು. ಅದರ ಜೊತೆಗೆ ಅರ್ಜಿದಾರನ ಬಗ್ಗೆ ಇಬ್ಬರ ಪತ್ರ ಬೇಕು ಎಂದಿತ್ತು. ಒಬ್ಬರು ಪಾಠ ಹೇಳಿದವರು. ಇನ್ನೊಬ್ಬರು ಅರ್ಜಿದಾರ ದುಡಿದದ್ದನ್ನು ಕಣ್ಣಾರೆ ಕಂಡವರು. ಪತ್ರವನ್ನು ಲಕೋಟೆಯಲ್ಲಿಟ್ಟು, ಅಂಟಿಸಿ, ಅಂಟಿನ ಮೇಲೆ ಸಹಿ ಹಾಕಿ ಕೊಡಬೇಕು. ಪಾಠದ ಪತ್ರವನ್ನು ಮೈಸೂರಿನ ನನ್ನ ಅಧ್ಯಾಪಕರು ಕಳಿಸಿಕೊಟ್ಟರು. ದುಡಿಮೆಯ ಪತ್ರಕ್ಕೆ ಯಜಮಾನರ ಮುಂದೆ ಹೋಗಿ ನಿಂತೆ. ಅವರ ಕನ್ನಡ ಬರಹ ಮುತ್ತು ಪೋಣಿಸಿದ ಹಾಗಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ. ತಾವು ಕನ್ನಡದಲ್ಲಿ ಬರೆದು, ರೈಲ್ವೆಯಿಂದ ನಿವೃತ್ತರಾದ ಸ್ನೇಹಿತರೊಬ್ಬರಿಂದ ಇಂಗ್ಲಿಷ್ ಮಾಡಿಸಿ, ಮುಂದಿನ ವಾರ ಲಕೋಟೆ ಕೊಟ್ಟರು. ಮುಖದಲ್ಲಿ ನಗು ಇಲ್ಲ, ಏನಿಲ್ಲ.

"ಇದ್ದದ್ದು ಇದ್ದಂಗೆ ಬರ್ದಿದೀನಿ ಕಣ್ಲಾ," ಎಂದರು.

ಅಯ್ಯೋ ಶಿವನೇ! ಆ ಒಂದು ಮಾತನ್ನು ಜಾವಗಲ್ ದಾಟುವ ತನಕ ಬಸ್ಸಿನಲ್ಲಿ ತಿರುಗಿಸಿ ಮುರುಗಿಸಿ ನೋಡಿದೆ. ಇದ್ದದ್ದು ಎಂದರೆ ಯಾವುದು? ಇದ್ದಂಗೆ ಎಂದರೆ ಎಷ್ಟು?

ದಾರಿಯಲ್ಲಿ ಹಳೇಬೀಡಿನಲ್ಲಿ ಇಳಿದೆ. ಅಲ್ಲಿ ದೇವಸ್ಥಾನ ತೋರಿಸುವ ಗೈಡ್ ಒಬ್ಬರು ನನಗೆ ಪರಿಚಯ. ನಾಲ್ಕನೇ ಕ್ಲಾಸು ಓದಿದವರು. ಆದರೆ ಬಿಳಿ ದೊರೆಗಳ ಹಿಂದೆ ಓಡಾಡಿ ಕಲಿತ ಇಂಗ್ಲಿಷನ್ನು ನೀರು ಕುಡಿದ ಹಾಗೆ ಆಡುತ್ತಿದ್ದರು. ಕೆಲವು ಭಾನುವಾರ ಅವರ ಹಿಂದೆ ನಾನೂ ಸುತ್ತಿ, ನಾಲಿಗೆ ಸಡಿಲ ಮಾಡಿಕೊಳ್ಳುತ್ತಿದ್ದೆ. ಅವತ್ತು ಅವರು ಬಿಳಿಯ ದಂಪತಿಯನ್ನು ಕಳಿಸಿ ಜಗಲಿಯ ಮೇಲೆ ಬೀಡಿ ಹಚ್ಚಿ ಕೂತಿದ್ದರು. ಲಕೋಟೆಯ ವಿಷಯ ಹೇಳಿದೆ. ಮಂಡಿಯ ಮೊರದ ಪದ್ಧತಿಯನ್ನೂ ಹೇಳಿದೆ. ಅವರು ಬೀಡಿ ಕೆಳಗಿಟ್ಟರು.

"ಮೇಷ್ಟ್ರೇ, ಇಲ್ಲಿ ಎಷ್ಟೋ ವಿಗ್ರಹಕ್ಕೆ ಮೂಗಿಲ್ಲ, ಕೈಯಿಲ್ಲ. ನಾನು ಗಿರಾಕೀನ ಮೊದ್ಲು ಅಲ್ಲಿಗೆ ಕರ್ಕೊಂಡು ಹೋಗ್ತೀನಾ? ಅತ್ಲಾಗೆ ತಿರುಗಕ್ಕೇ ಬಿಡಲ್ಲ. ಚೆಂದಾಗಿರೋದನ್ನ ಮೊದ್ಲು ತೋರಿಸ್ಬೇಕು. ಆಹಾ ಅಂತ ಬಾಯಿ ಬಿಟ್ಟ ಮೇಲೆ ಮೂಗು ಇಲ್ದಿದ್ರೂ ಅವ್ರಿಗೆ ಕಾಣಲ್ಲ. ಮೂಗಿಲ್ಲದ್ದು ಮೊದ್ಲು ತೋರಿಸಿದ್ರೆ, ಫೋಟೋನೂ ಇಲ್ಲ, ಇನಾಮೂ ಇಲ್ಲ. ನಿಮ್ಮ ಯಜಮಾನ್ರು ಕೊಬ್ಬರಿಗೆ ಸರಿ. ಸೀಟಿಗಲ್ಲ."

ಕೋಣೆಗೆ ಬಂದು ಟ್ರಂಕಿನ ಮುಚ್ಚಳದಲ್ಲಿ ನೂರಕ್ಕೆ ಹದಿನೈದು ಬರೆದೆ.

ಮುಂದಿನ ಭಾನುವಾರ ಊರಿಗೆ ಹೋಗದೆ ಕೋಣೆಯಲ್ಲೇ ಉಳಿದೆ. ಮಧ್ಯಾಹ್ನ ಊಟವಾದ ಮೇಲೆ ಸ್ಟವ್ ಹಚ್ಚಿ ತಂಬಿಗೆಯಲ್ಲಿ ನೀರಿಟ್ಟೆ. ಕಾಫಿಗೆ ಎಂದು ನನಗೆ ನಾನೇ ಹೇಳಿಕೊಂಡೆ. ಕಾಫಿಪುಡಿ ಡಬ್ಬ ಖಾಲಿಯಾಗಿ ನಾಲ್ಕು ದಿನವಾಗಿತ್ತು. ನೀರು ಕುದಿಯಿತು. ಲಕೋಟೆಯ ಅಂಟನ್ನು ಹಬೆಗೆ ಹಿಡಿದೆ. ಸಹಿಯ ಶಾಯಿ ಹರಡದ ಹಾಗೆ ಚಾಕುವಿನ ತುದಿಯಿಂದ ಬಿಡಿಸಿದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ದೊಡ್ಡವರು ಸುಮ್ಮನೆ ಹೇಳಿದ್ದಾರೆಯೇ?

ಎರಡು ಹಾಳೆ ಇದ್ದವು, ಗುಂಡುಸೂಜಿ ಹಾಕಿತ್ತು. ಮೊದಲನೆಯದನ್ನು ಓದಿದೆ. ಇಂಗ್ಲಿಷಿನಲ್ಲಿದ್ದರೂ ಅದರೊಳಗಿನ ದನಿ ಯಜಮಾನರದೇ. ಈ ಹುಡುಗನಿಗೆ ಮೂಗಿನ ತುದಿಯಲ್ಲಿ ಕೋಪ; ಆಳೊಬ್ಬ ಎದುರು ಮಾತಾಡಿದ್ದಕ್ಕೆ ತುಂಬಿದ ಮಂಕರಿಯನ್ನು ನೆಲಕ್ಕೆ ಎಸೆದ. ಈ ಹುಡುಗನಿಗೆ ತಾಳ್ಮೆ ಇಲ್ಲ; ಇನ್ನೂ ಒಣಗದ ಕಾಯಿ ಎಂದು ಕಿವಿಗೆ ಗೊತ್ತಾದರೂ, ನೋಡೇಬಿಡೋಣ ಎಂದು ಒಡೆಯುತ್ತಾನೆ. ಮೊದಲ ಬೇಸಿಗೆಯಲ್ಲಿ ಒಂದು ಇಡೀ ರಾಶಿಯನ್ನು ತಪ್ಪಾಗಿ ಆರಿಸಿ, ಬೂಷ್ಟು ಹಿಡಿದದ್ದನ್ನು ಒಳ್ಳೆಯದರ ಜೊತೆ ಚೀಲಕ್ಕೆ ತುಂಬಿಸಿದ. ಆ ಚೀಲಗಳು ಸ್ಟೇಷನ್ನಿಗೆ ಹೋದವು. ಅಲ್ಲಿಗೆ ಹಾಳೆ ಮುಗಿಯಿತು.

ಮೈಯೆಲ್ಲ ಉರಿಯಿತು. ಅಲ್ಲ, ರಾಶಿ ಕೆಡಿಸಿದ್ದು ನಿಜ. ಆದರೆ ಅದೇ ಸಂಜೆ ನಾನೇ ಓಡಿಹೋಗಿ ಹೇಳಲಿಲ್ಲವೇ? ನಾನು ಹೇಳಿದ್ದರಿಂದ ತಾನೇ ಚೀಲಗಳನ್ನು ವ್ಯಾಗನ್ನಿನಿಂದ ಇಳಿಸಿ ವಾಪಸ್ ತಂದದ್ದು? ಅದರ ಸುದ್ದಿಯೇ ಇಲ್ಲ! ಮೊದಲನೆಯ ಹಾಳೆಯೇ ಹೀಗಿದ್ದರೆ ಎರಡನೆಯದರಲ್ಲಿ ನನ್ನ ಕುಲಗೋತ್ರವನ್ನೇ ಜಾಲಾಡಿರಬೇಕು ಎಂದುಕೊಂಡು ಹಾಳೆ ತಿರುಗಿಸಲು ಹೋದೆ. ಆಗ ಬಾಗಿಲು ಬಡಿಯಿತು.

"ಏನಯ್ಯ, ಇದ್ದೀಯಾ?" ಹೆಡ್‌ಮಾಸ್ಟರ ದನಿ.

ಹಾಳೆಗಳನ್ನು ಲಕೋಟೆಗೆ ತುರುಕಿ, ಟ್ರಂಕಿನ ತಳಕ್ಕೆ ಹಾಸಿದ್ದ ಹಳೆಯ ಪತ್ರಿಕೆಯ ಕೆಳಗೆ ತಳ್ಳಿದೆ. ಸ್ಟವ್ ಆರಿಸಿ ಬಾಗಿಲು ತೆಗೆದೆ. ಅವರ ಕೈಯಲ್ಲೊಂದು ಟೈಪ್ ಮಾಡಿದ ಹಾಳೆ. ನಾನು ಕೇಳಿರಲೇ ಇಲ್ಲ; ತಾವಾಗಿಯೇ ನನ್ನ ಬಗ್ಗೆ ಒಂದು ಪತ್ರ ಬರೆದು, ನಿಂತಲ್ಲೇ ಓದಿ ಹೇಳಿದರು. ನಾನು ಅಪರೂಪದ ರತ್ನವಂತೆ. ಶಿಸ್ತಿನ ಮೂರ್ತಿಯಂತೆ. ಒಂದು ದಿನವೂ ತಡವಾಗಿ ಬಂದವನಲ್ಲವಂತೆ. ಹಿಂದಿನ ಗುರುವಾರ ತಡವಾಗಿ ಬಂದದ್ದಕ್ಕೆ ಮಕ್ಕಳ ಮುಂದೆಯೇ ನನಗೆ ಮಂಗಳಾರತಿ ಮಾಡಿದವರೂ ಇವರೇ.

"ಸ್ವಲ್ಪ ಹೆಚ್ಚಾಯ್ತೇನೋ ಸಾರ್," ಎಂದೆ.

"ಹೆಚ್ಚಾದ್ರೆ ಏನಯ್ಯ? ಎಲ್ಲರೂ ಹೀಗೇ ಬರೆಸ್ಕೊಂಡು ಬರ್ತಾರೆ. ನೀನೊಬ್ಬ ಹರಿಶ್ಚಂದ್ರನ ಮೊಮ್ಮಗನೇ?"

ನಾನು ಆ ಹಾಳೆಯನ್ನು ಲಕೋಟೆಗೆ ಹಾಕಿಸಿ, ಅಂಟಿನ ಮೇಲೆ ಅವರ ಸಹಿ ಮಾಡಿಸಿಕೊಂಡೆ. ಶಾಲೆಯಲ್ಲಿ ಪಾಠ ಮಾಡುವುದೂ ದುಡಿಮೆಯೇ, ಅದನ್ನು ಹೆಡ್‌ಮಾಸ್ಟರು ಕಣ್ಣಾರೆ ಕಂಡಿದ್ದಾರೆ. ಅಲ್ಲಿಗೆ ಎರಡು ಪತ್ರ ಸರಿಹೋಯಿತು. ಸೋಮವಾರ ಬೆಳಿಗ್ಗೆ ಅರ್ಜಿ, ಅಧ್ಯಾಪಕರ ಪತ್ರ, ಹೆಡ್‌ಮಾಸ್ಟರ ಪತ್ರ ಮೂರನ್ನೂ ರಿಜಿಸ್ಟರ್ ಮಾಡಿ ಕಳಿಸಿದೆ. ಯಜಮಾನರ ಲಕೋಟೆ ಟ್ರಂಕಿನ ತಳದಲ್ಲೇ ಉಳಿಯಿತು. ಮತ್ತೆ ತೆಗೆದು ಓದಲು ಮನಸ್ಸು ಬರಲಿಲ್ಲ. ಬೈಗುಳವನ್ನು ಎರಡನೇ ಸಲ ಯಾರು ಓದುತ್ತಾರೆ? ಅವತ್ತು ಮುಚ್ಚಳದಲ್ಲಿ ನೂರಕ್ಕೆ ಅರವತ್ತು ಬರೆದೆ.

ಮೇ ತಿಂಗಳಲ್ಲಿ ಸಂದರ್ಶನಕ್ಕೆ ಬೆಂಗಳೂರಿಗೆ ಕರೆ ಬಂತು. ಎಪ್ಪತ್ತೈದು! ಅವ್ವ ಬುತ್ತಿ ಕಟ್ಟಿಕೊಟ್ಟಳು, ಅಪ್ಪ ಸ್ಟೇಷನ್ನಿಗೆ ಬಂದರು. ಯಜಮಾನರೂ ಮಂಡಿ ಬಿಟ್ಟು ಬಂದಿದ್ದರು. ರೈಲು ಹೊರಡುವಾಗ ಕಿಟಕಿಯ ಹತ್ತಿರ ಬಂದು, "ನನ್ನ ಕಾಗದದ ಬಗ್ಗೆ ಏನಾರ ಕೇಳಿದ್ರೆ, ಹೌದು ಅಂತ ಒಪ್ಕೋ. ಹಿಂದೆ ಮುಂದೆ ನೋಡಬ್ಯಾಡ," ಎಂದರು. ಹೂಂ ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಸುಮ್ಮನೆ ಜೇಬು ಮುಟ್ಟಿ ನೋಡಿಕೊಂಡೆ.

ಒಂದು ಹಳೆಯ ಬಂಗಲೆಯಲ್ಲಿ ಮೂವರು ಕೂತಿದ್ದರು. ಗಣಿತದ ಎರಡು ಪ್ರಶ್ನೆಗೆ ಪಟಪಟ ಉತ್ತರ ಹೇಳಿದೆ. ಗೈಡ್ ಕಲಿಸಿದ ಹಾಗೆ ಮಾತಿನ ನಡುವೆ ಬಿಡುವು ಕೊಡಲಿಲ್ಲ. ಎಂಬತ್ತು, ಎಂಬತ್ತೈದು ಎಂದು ಒಳಗೊಳಗೇ ಅಂಕಿ ಏರುತ್ತಿತ್ತು. ಆಗ ನಡುವೆ ಕೂತಿದ್ದ ವಯಸ್ಸಾದವರು ಕನ್ನಡಕ ತೆಗೆದು ಕೇಳಿದರು: ಎರಡು ಬೇಸಿಗೆ ಕೊಬ್ಬರಿ ಮಂಡಿಯಲ್ಲಿ ದುಡಿದೆ ಎಂದು ಅರ್ಜಿಯಲ್ಲಿ ಬರೆದಿದ್ದೀರಿ. ನಿಮ್ಮನ್ನು ಕರೆಸಿದ್ದೇ ಆ ಸಾಲಿಗಾಗಿ. ಆ ಮಂಡಿಯವರ ಪತ್ರ ಯಾಕಿಲ್ಲ?

"ಅವರಿಗೆ ಓದುಬರಹ ಬರುವುದಿಲ್ಲ," ಎಂದುಬಿಟ್ಟೆ.

ಮುತ್ತು ಪೋಣಿಸಿದ ಹಾಗೆ ಬರೆಯುವ ಮನುಷ್ಯನನ್ನು ಒಂದೇ ಉಸಿರಿಗೆ ಹೆಬ್ಬೆಟ್ಟು ಮಾಡಿದೆ. ಮುದುಕರು ತಲೆದೂಗಿದರು. ಹೋಗಲಿ, ಬರೆಯುವುದಕ್ಕೆ ಬಂದಿದ್ದರೆ ನಿಮ್ಮಲ್ಲಿ ಏನು ದೋಷ ಬರೆಯುತ್ತಿದ್ದರು ಎಂದರು. ನನ್ನ ನಾಲಿಗೆಯ ತುದಿಗೆ ಮೂರೂ ಬಂದವು. ಕೋಪ, ಅವಸರ, ಆ ರಾಶಿ. ಹೇಳಿಬಿಟ್ಟಿದ್ದರೆ! ಮೂಗಿಲ್ಲದ ವಿಗ್ರಹದ ಕಡೆ ಗಿರಾಕಿಯನ್ನು ತಿರುಗಲು ಬಿಡಬಾರದು ಎನ್ನುವುದು ನೆನಪಾಯಿತು. "ಏನೂ ಇಲ್ಲ ಸರ್. ಅವರಿಗೆ ನನ್ನ ಮೇಲೆ ಪೂರ್ತಿ ತೃಪ್ತಿ ಇತ್ತು," ಎಂದೆ. ಮುದುಕರು ಕನ್ನಡಕ ಹಾಕಿಕೊಂಡು ಕಡತ ಮುಚ್ಚಿದರು. ಅದನ್ನು ಮುಚ್ಚಿದ ರೀತಿಯಲ್ಲೇ ನನಗೆ ಗೊತ್ತಾಯಿತು. ಗೊತ್ತಾದರೂ ಇನ್ನೊಂದು ತಿಂಗಳು ಪೋಸ್ಟ್‌ಮನ್ನನ ದಾರಿ ಕಾದೆ.

ಜೂನ್‌ನಲ್ಲಿ, ಶಾಲೆ ಮತ್ತೆ ತೆರೆದ ವಾರ, ಬೇಲೂರಿಗೆ ಕಾಗದ ಬಂತು. ಎರಡೇ ಸಾಲು. ವಿಷಾದಿಸುತ್ತೇವೆ ಎಂದಿತ್ತು. ಆ ಶನಿವಾರ ಊರಿಗೆ ಹೋದೆ. ಅವ್ವ ತಟ್ಟೆ ಹಾಕಿದಳು. ಅಪ್ಪ, "ಎದುರಂಗಡಿಯೋರು ಮೂರು ಸಲ ಕೇಳಿದ್ರು. ಹೋಗಿ ಹೇಳಿ ಬಾ," ಎಂದರು.

ಯಜಮಾನರು ಮಂಡಿಯ ಹಿಂದಿನ ಅಂಗಳದಲ್ಲಿ ರಾಶಿಯ ಮುಂದೆ ಕೂತಿದ್ದರು. ಸೀಟು ಸಿಗಲಿಲ್ಲ ಎಂದೆ. ಅವರ ಕೈಯಲ್ಲಿದ್ದ ಕೊಬ್ಬರಿ ಕೆಳಗೆ ಬಿತ್ತು.

"ನಾನೇ ಕಣ್ಲಾ ನಿನ್ನ ಬಾಯಿಗೆ ಮಣ್ಣು ಹಾಕಿದ್ದು," ಎಂದರು. "ಕೊಬ್ಬರಿ ಇಟ್ಟಂಗೆ ಕೆಟ್ಟದ್ದು ಮೇಲಿಟ್ಟು ಬರ್ದೆ. ಬರ್ಯೋವಾಗ್ಲೇ ನಿಮ್ಮಪ್ಪಂಗೆ ಅಂದಿದ್ದೆ, ಅಷ್ಟು ದೂರದೋರು, ನಮ್ಮ ಪದ್ಧತಿ ಅವ್ರಿಗೆ ಗೊತ್ತೈತೋ ಇಲ್ವೋ, ತಳಕ್ಕೆ ಕೈ ಹಾಕ್ತಾರೋ ಇಲ್ವೋ ಅಂತ. ಆದ್ರೂ ಹಂಗೇ ಕಳಿಸ್ದೆ. ನನ್ನ ಜಂಬ ನನ್ನ ಕೆಡಿಸ್ತು. ಹೊಟ್ಟೆಗೆ ಹಾಕ್ಕೊಳ್ಳಪ್ಪ."

ಎಪ್ಪತ್ತು ವರ್ಷದ ಮುದುಕರು ಇಪ್ಪತ್ತೆರಡರ ಹುಡುಗನ ಮುಂದೆ ಹೀಗೆ ಅಂದರು. ಆಗ ಹೇಳಬೇಕಿತ್ತು. ನಿಮ್ಮ ಕಾಗದ ಹೋಗಲೇ ಇಲ್ಲ ಎಂಬ ನಾಲ್ಕು ಮಾತು. ನಾನು ಏನು ಹೇಳಿದೆ ಗೊತ್ತೇ? "ಪರವಾಗಿಲ್ಲ ಬಿಡಿ ಯಜಮಾನ್ರೇ," ಎಂದೆ. ಅವರನ್ನು ಕ್ಷಮಿಸಿಬಿಟ್ಟೆ! ಇದನ್ನು ಬರೆಯುವಾಗ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಮಾರನೆಯ ಸಂಜೆ ಬೇಲೂರಿಗೆ ಮರಳಿ ಟ್ರಂಕು ತೆರೆದೆ. ಮುಚ್ಚಳದಲ್ಲಿ ಇನ್ನೂ ನೂರಕ್ಕೆ ನಲವತ್ತು ಎಂದು ಕೂತಿತ್ತು. ಒದ್ದೆ ಬಟ್ಟೆಯಿಂದ ಒರೆಸಿದೆ. ಬಟ್ಟೆಬರೆ ಎಲ್ಲ ತೆಗೆದು, ತಳದ ಪತ್ರಿಕೆ ಎತ್ತಿ, ಲಕೋಟೆಯನ್ನು ಹೊರತೆಗೆದೆ. ಈ ಸಲ ನೇರ ಎರಡನೆಯ ಹಾಳೆಗೆ ಹೋದೆ.

ಮೇಲಿನದನ್ನು ನೋಡಿ ಎದ್ದು ಹೋಗಬೇಡಿ, ಎಂದು ಅದು ಶುರುವಾಗಿತ್ತು. ರಾಶಿ ಕೆಡಿಸಿದ ದಿನ ಸಂಜೆ ಈ ಹುಡುಗ ತಾನಾಗಿ ಓಡಿಬಂದು ಹೇಳಿದ. ಆ ದಿನ ನಾಲ್ವರು ಆರಿಸುತ್ತಿದ್ದರು. ಅವನು ಬಾಯಿ ಬಿಡದಿದ್ದರೆ ಯಾರ ಕೈತಪ್ಪು ಎಂದು ನನಗೆ ಗೊತ್ತಾಗುತ್ತಲೇ ಇರಲಿಲ್ಲ. ಅವನೇ ಸ್ಟೇಷನ್ನಿಗೆ ಬಂದು, ಚೀಲ ಇಳಿಸಿ, ಮೂರು ದಿನ ಕೂತು ಮತ್ತೆ ಆರಿಸಿದ. ನಾನು ಐವತ್ತು ವರ್ಷ ವ್ಯಾಪಾರ ಮಾಡಿದ್ದೇನೆ. ಜಾಣರು ಬಹಳ ಮಂದಿ ಬಂದು ಹೋದರು. ತನ್ನ ತಪ್ಪನ್ನು ಅದೇ ದಿನ ಬಂದು ಹೇಳಿದವನು ಇವನೊಬ್ಬನೇ. ಈ ಮಾಲನ್ನು ನಾನು ಕಣ್ಣು ಮುಚ್ಚಿ ಕೊಳ್ಳುತ್ತೇನೆ.

ಅತ್ತೆ ಎಂದು ಹೇಳಲು ನಾಚಿಕೆಯೇನಿಲ್ಲ. ಗೋಳೋ ಎಂದು ಅತ್ತೆ. ಅಳುವುದು ಸುಲಭ, ಅರಸೀಕೆರೆಗೆ ಹೋಗಿ ಹೇಳುವುದು ಕಷ್ಟ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಹಾಗೆ ಆ ವಾರವೆಲ್ಲ ಒದ್ದಾಡಿದೆ. ನುಂಗಲೂ ಆಗದು, ಉಗುಳಲೂ ಆಗದು. ಶನಿವಾರ ಬಂತು. ಬಸ್ ನಿಲ್ದಾಣದ ತನಕ ಹೋಗಿ, ತಲೆನೋವು ಎಂದು ನನಗೆ ನಾನೇ ನೆಪ ಹೇಳಿ ಹಿಂದಿರುಗಿದೆ. ಮುಂದಿನ ವಾರವೂ ತಪ್ಪಿಸುತ್ತಿದ್ದೆನೋ ಏನೋ, ಅಷ್ಟರಲ್ಲಿ ಅಪ್ಪನ ಕಾರ್ಡು ಬಂತು. ಊರಿನ ಸಮಾಚಾರವೆಲ್ಲ ಬರೆದು ಕೊನೆಗೆ ಹೀಗೆ ಬರೆದಿದ್ದರು: ಎದುರಂಗಡಿಯವರಿಗೆ ಏನಾಗಿದೆಯೋ ತಿಳಿಯದು, ಮೊನ್ನೆಯಿಂದ ಮೊರದ ಮೇಲೆ ಒಳ್ಳೆಯ ಕೊಬ್ಬರಿ ಇಡಲು ಶುರುಮಾಡಿದ್ದಾರೆ, ಹಳೆಯ ಗಿರಾಕಿಗಳಿಗೆ ಅನುಮಾನ ಬಂದು ಚೀಲಗಳನ್ನೆಲ್ಲ ಸುರಿಸಿ ನೋಡಿದರು, ಇಷ್ಟು ವರ್ಷಕ್ಕೆ ಹೀಗಾದದ್ದು ಇದೇ ಮೊದಲು.

ನನ್ನ ಸೀಟು ಹೋದರೆ ಹೋಗಲಿ, ಆ ಮನುಷ್ಯನ ಐವತ್ತು ವರ್ಷವನ್ನು ನಾನು ತಲೆಕೆಳಗು ಮಾಡಿದ್ದೆ. ಹೆಡ್‌ಮಾಸ್ಟರಿಗೆ ಚೀಟಿ ಕಳಿಸಿ, ಶನಿವಾರದ ತನಕ ಕಾಯದೆ, ಗುರುವಾರವೇ ಬೆಳಗಿನ ಬಸ್ಸು ಹತ್ತಿದೆ. ಹಳೇಬೀಡಿನಲ್ಲಿ ಗೈಡ್ ಕೈ ಬೀಸಿದರು. ನಾನು ಇಳಿಯಲಿಲ್ಲ.

ಮಂಡಿಯಲ್ಲಿ ಯಜಮಾನರೊಬ್ಬರೇ ಇದ್ದರು. ಮುಂದೆ ಮೊರ, ಮೊರದ ಮೇಲೆ ದುಂಡನೆಯ ಚೆಲುವಾದ ಕೊಬ್ಬರಿ. ನಾನು ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ. ಹಬೆಗೆ ಹಿಡಿದದ್ದು, ಒಂದೇ ಹಾಳೆ ಓದಿದ್ದು, ಕಾಗದ ಕಳಿಸದೆ ಇದ್ದದ್ದು. ನಿಮಗೆ ಓದುಬರಹ ಬರುವುದಿಲ್ಲ ಎಂದು ಬೆಂಗಳೂರಿನಲ್ಲಿ ಹೇಳಿದ್ದನ್ನೂ ಹೇಳಿದೆ. ಲಕೋಟೆಯನ್ನು ಅವರ ಮುಂದಿಟ್ಟೆ.

ಮೊದಲು ಅವರ ಮುಖ ಅರಳಿತು. "ಹಂಗಾದ್ರೆ ನನ್ನ ಕಾಗದದಿಂದ ಹೋಗ್ಲಿಲ್ವಾ ನಿನ್ನ ಸೀಟು?"

"ಇಲ್ಲ ಯಜಮಾನ್ರೇ. ನನ್ನಿಂದ್ಲೇ ಹೋಯ್ತು."

"ಉಸ್ಸಪ್ಪಾ," ಎಂದು ಗೋಡೆಗೆ ಒರಗಿ ಉಸಿರು ಬಿಟ್ಟರು. ಆಮೇಲೆ ಕೇಳಿದರು. "ನಾನು ನಿನ್ನ ಮುಂದೆ ಹೊಟ್ಟೆಗೆ ಹಾಕ್ಕೋ ಅಂದು ಎಷ್ಟು ದಿನ ಆಯ್ತು?"

"ಹನ್ನೆರಡು ದಿನ."

"ಅವತ್ತು ರಾಶಿ ಕೆಡಿಸ್ದಾಗ?"

"ಅದೇ ಸಂಜೆ ಬಂದಿದ್ದೆ."

ಹೂಂ ಎಂದರು. ಲಕೋಟೆಯಿಂದ ಹಾಳೆಗಳನ್ನು ತೆಗೆದು, ಗುಂಡುಸೂಜಿ ಬಿಡಿಸಿದರು. ಇಂಗ್ಲಿಷ್ ಓದಲು ಬಾರದಿದ್ದರೂ ಯಾವುದು ಯಾವುದೆಂದು ಅವರಿಗೆ ಗೊತ್ತಿತ್ತು. ಎರಡನೆಯ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ತಮ್ಮ ಅಂಗಿಯ ಒಳಜೇಬಿಗೆ ಇಟ್ಟುಕೊಂಡರು.

"ಇದು ಬರ್ದಾಗ ನಿಜ ಇತ್ತು. ಈಗಿಲ್ಲ. ಈ ಮಾಲು ನಾನು ವಾಪಸ್ ತಗೊಂಡೆ," ಎಂದರು. ದನಿಯಲ್ಲಿ ಸಿಟ್ಟು ಇರಲಿಲ್ಲ. ಮೊದಲನೆಯ ಹಾಳೆಯನ್ನು ನನ್ನ ಕೈಗೆ ಕೊಟ್ಟರು. "ಇದು ನೀನೇ ಇಟ್ಕೋ. ಇದು ಇನ್ನೂ ಸರಿಯಾಗೇ ಐತೆ."

ಆಮೇಲೆ ರಾಶಿಯಲ್ಲಿ ಕೈಯಾಡಿಸಿ, ಬೂಷ್ಟು ಹಿಡಿದ ಒಂದು ಕೊಬ್ಬರಿಯನ್ನು ಹುಡುಕಿ ತೆಗೆದು, ಮೊರದ ಮೇಲೆ ಎಲ್ಲಕ್ಕಿಂತ ಮುಂದೆ ಇಟ್ಟರು.

ನಾನು ಮೇಷ್ಟ್ರಾಗಿಯೇ ಉಳಿದೆ. ಯಜಮಾನರು ಇನ್ನೂ ಒಂಬತ್ತು ವರ್ಷ ಬದುಕಿದ್ದರು. ಊರಿಗೆ ಹೋದಾಗಲೆಲ್ಲ ಅವರ ಮಂಡಿಗೆ ಹೋಗಿ, ಕುಕ್ಕರಗಾಲಿನಲ್ಲಿ ಕೂತು, ಅರ್ಧ ದಿನವಾದರೂ ಕೊಬ್ಬರಿ ಆರಿಸಿಕೊಟ್ಟು ಬರುತ್ತಿದ್ದೆ. ಅವರು ಬೇಡ ಎನ್ನುತ್ತಿರಲಿಲ್ಲ. ಆ ಹಾಳೆ ಅವರಲ್ಲಿ ಇನ್ನೂ ಇದೆಯೇ ಎಂದು ನಾನು ಕೇಳಲಿಲ್ಲ. ಅವರೂ ವಾಪಸ್ ಕೊಡಲಿಲ್ಲ.